ಆರು ಧ್ವನಿಗೆ ಎರಡೇ ದಾರಿ

ಸ್ಪೀಕರುಗಳ ಸಂಖ್ಯೆ ಹೆಚ್ಚಿದಷ್ಟೂ ಕೇಳುವ ಸುಖವೂ ಹೆಚ್ಚುವುದೆಂಬ ನಂಬಿಕೆ ಇಂದು ಅನೇಕ ಕುಟುಂಬಗಳಲ್ಲಿ ಬೇರೂರಿದೆ. ಬೀದರ ನಗರದಲ್ಲಾಗಲಿ, ಭಾಲ್ಕಿ, ಔರಾದಗಳಲ್ಲಾಗಲಿ, ಹೈದರಾಬಾದು, ಪುಣೆಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಎಳ್ಳಮಾವಾಸ್ಯೆಗೆ ಊರಿಗೆ ಬರುವಾಗ ಲ್ಯಾಪ್‌ಟಾಪೂ ಅವರೊಡನೆ ಬರುತ್ತದೆ. ಪಡಸಾಲೆಯಲ್ಲಿ ಐದು ಸ್ಪೀಕರುಗಳೂ ಒಂದು ಸಬ್‌ವೂಫರೂ ಸಿದ್ಧವಾಗಿರುತ್ತವೆ. ಎರಡನ್ನೂ ಒಂದು ತೆಳ್ಳನೆಯ ತಂತಿಯಿಂದ ಕೂಡಿಸಿ ಚಲನಚಿತ್ರ ಹಚ್ಚಿದರೆ ಸಂಗೀತವೇನೋ ಅಬ್ಬರಿಸುತ್ತದೆ. ಮುತ್ಯಾನಿಗೆ ಮಾತ್ರ ಪಾತ್ರಗಳ ಮಾತು ತಿಳಿಯುವುದಿಲ್ಲ. ಧ್ವನಿಯನ್ನು ಏರಿಸಿದರೆ ತೊಟ್ಟಿಲ ಕೂಸು ಎದ್ದು ಅಳುತ್ತದೆ. ದೋಷವು ಮುತ್ಯಾನ ಕಿವಿಯದೆಂದು ತೀರ್ಮಾನಿಸುವ ಮೊದಲು ಆ ತಂತಿಯನ್ನು ಪರೀಕ್ಷಿಸುವುದು ಲೇಸು.

ಕೇಳುಗನನ್ನು ಧ್ವನಿಯಿಂದ ಸುತ್ತುವರಿಯಬೇಕೆಂಬ ಹಂಬಲ ಹಳೆಯದೇ. 1940ರಲ್ಲಿ ವಾಲ್ಟ್ ಡಿಸ್ನಿಯ ‘ಫ್ಯಾಂಟೇಸಿಯಾ’ ಚಿತ್ರಕ್ಕೆಂದೇ ‘ಫ್ಯಾಂಟಾಸೌಂಡ್’ ಎಂಬ ಏರ್ಪಾಟನ್ನು ರೂಪಿಸಿದ್ದರು. ಅದರ ವೆಚ್ಚ ವಿಪರೀತವಾದುದರಿಂದ ಕೆಲವೇ ಚಿತ್ರಮಂದಿರಗಳಿಗೆ ಅದು ಲಭ್ಯವಾಯಿತು. 1992ರಲ್ಲಿ ‘ಬ್ಯಾಟ್‌ಮ್ಯಾನ್ ರಿಟರ್ನ್ಸ್’ ಚಿತ್ರದೊಡನೆ ಡಾಲ್ಬಿ ಡಿಜಿಟಲ್ ತೆರೆಗೆ ಬಂದಿತು. ಮುಂದೆ ಅದೇ ಕ್ರಮ ಮನೆಗಳನ್ನೂ ಹೊಕ್ಕಿತು. ಪೆಟ್ಟಿಗೆಯ ಮೇಲೆ ಕಾಣುವ ‘5.1’ರ ಅರ್ಥ ಇಷ್ಟೇ: ಮುಂದೆ ಎಡ, ನಡು, ಬಲ; ಹಿಂಬದಿಯಲ್ಲಿ ಎಡ, ಬಲ; ಇವಲ್ಲದೆ ತಗ್ಗಿನ ಗಂಭೀರ ನಾದಕ್ಕೆ ಒಂದು ಸಬ್‌ವೂಫರ್. ಪಾತ್ರಗಳ ಮಾತಿನ ಬಹುಪಾಲು ಬರುವುದು ನಡುವಿನ ಸ್ಪೀಕರಿನಿಂದ. ಹೀಗಾಗಿ ಆರು ಧ್ವನಿಗಳೂ ಬೇರೆ ಬೇರೆಯಾಗಿ ತಲುಪಿದಲ್ಲಿ, ಸಂಗೀತವನ್ನು ಮುಟ್ಟದೆ ಮಾತನ್ನಷ್ಟೇ ಏರಿಸುವ ಅನುಕೂಲ ಕೈಗೆ ಸಿಗುತ್ತದೆ.

ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನಿಗೆಂದು ಇರುವ ಚಿಕ್ಕ ರಂಧ್ರವಾದರೋ ಎರಡೇ ಧ್ವನಿಗಳನ್ನು ಸಾಗಿಸಬಲ್ಲುದು. ಆರೂ ಧ್ವನಿಗಳು ಅಲ್ಲಿ ಎರಡಾಗಿ ಬೆರೆತುಹೋಗುತ್ತವೆ. ಆಮೇಲೆ ಆರು ಸ್ಪೀಕರುಗಳು ನುಡಿದರೂ ಅವು ಅದೇ ಎರಡರ ಹಂಚಿಕೆ ಮಾತ್ರ. ಸಾಮಾನ್ಯ ಬ್ಲೂಟೂತಿನ ಪಾಡೂ ಇದೇ. ಅದರ ಮೇಲೆ ಧ್ವನಿ ತುಸು ತಡವಾಗಿ ಬರುವುದರಿಂದ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುವುದುಂಟು.

ಇದಕ್ಕೆ ಪ್ರಶಸ್ತವಾದ ದಾರಿ ಎಚ್‌ಡಿಎಂಐ ಕೇಬಲ್. ಇದರ ಮೊದಲ ನಿಯಮಾವಳಿ 2002ರಲ್ಲಿ ಹೊರಬಂದಿತು. ಚಿತ್ರವನ್ನೂ ಆರು ಧ್ವನಿಗಳನ್ನೂ ಇದು ಒಂದೇ ತಂತಿಯಲ್ಲಿ ಒಯ್ಯುತ್ತದೆ. ಲ್ಯಾಪ್‌ಟಾಪಿನಿಂದ ನೇರವಾಗಿ ರಿಸೀವರಿಗೆ, ಅಲ್ಲಿಂದ ಟಿ.ವಿ.ಗೆ ಎಂಬುದು ಸರಿಯಾದ ಕ್ರಮ. ಮೊದಲು ಟಿ.ವಿ.ಗೆ ಕೊಟ್ಟು ಅಲ್ಲಿಂದ ಧ್ವನಿಯನ್ನು ತಂದರೆ, ಹಲವು ಟಿ.ವಿ.ಗಳು ಆರನ್ನು ಎರಡಕ್ಕೆ ಇಳಿಸಿಬಿಡುತ್ತವೆ. ಎಚ್‌ಡಿಎಂಐ ಇಲ್ಲದೆ ಹಿಂಭಾಗದಲ್ಲಿ ಆರು ದುಂಡು ರಂಧ್ರಗಳಷ್ಟೇ ಇರುವ ಅಗ್ಗದ ಸೆಟ್ಟಾದರೆ, 5.1ಕ್ಕೆಂದೇ ಮಾಡಿದ ಯುಎಸ್‌ಬಿ ಸೌಂಡ್ ಕಾರ್ಡು ನೆರವಾಗುತ್ತದೆ. ಆದುದರಿಂದ ಅಂಗಡಿಯಲ್ಲಿ ಪೆಟ್ಟಿಗೆಯ ಮುಂಭಾಗದ ದೀಪಗಳಿಗೆ ಮರುಳಾಗದೆ, ಅದನ್ನು ತಿರುಗಿಸಿ ಹಿಂಭಾಗವನ್ನು ನೋಡಿಯೇ ಹಣ ಕೊಡತಕ್ಕದ್ದು.

ತಂತಿ ಸಿಕ್ಕಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್ ಪ್ಯಾನೆಲಿನ ‘ಸೌಂಡ್’ ವಿಭಾಗವನ್ನು ತೆರೆದು, ರಿಸೀವರಿನ ಹೆಸರನ್ನು ಆಯ್ದು, ‘ಕಾನ್ಫಿಗರ್’ ಒತ್ತಿ, ‘5.1 ಸರೌಂಡ್’ ಎಂಬುದನ್ನು ಆರಿಸಬೇಕು. ಅಲ್ಲಿಯೇ ಇರುವ ‘ಟೆಸ್ಟ್’ ಒತ್ತಿದರೆ ಸ್ಪೀಕರುಗಳು ಒಂದಾದಮೇಲೊಂದು ನುಡಿದು ತಮ್ಮ ಹಾಜರಿ ಕೊಡುತ್ತವೆ. ಬಳಿಕ ರಿಸೀವರಿನಲ್ಲಿ ನಡುವಿನ ಸ್ಪೀಕರಿನ ಮಟ್ಟವನ್ನು ತುಸು ಏರಿಸಿದರೆ ಹಿರಿಯರಿಗೆ ಮಾತು ನಿಚ್ಚಳವಾಗುತ್ತದೆ. ಚಿತ್ರವೇ ಎರಡು ಧ್ವನಿಗಳಲ್ಲಿ ಸಿದ್ಧವಾಗಿದ್ದರೆ ಮಾತ್ರ ಯಾವ ತಂತಿಯೂ ಅದನ್ನು ಆರಾಗಿಸಲಾರದು.

ಕೋಣೆಯ ಪಾಲೂ ಇದರಲ್ಲಿ ಇದೆ. ಶಹಾಬಾದ ಕಲ್ಲಿನ ನೆಲ ಮತ್ತು ಬರಿಯ ಗೋಡೆಗಳು ಧ್ವನಿಯನ್ನು ಚೆಂಡಿನಂತೆ ಹಿಂದಕ್ಕೆಸೆದು ಮಾತನ್ನು ಕಲಸಿಬಿಡುತ್ತವೆ. ನೆಲಕ್ಕೊಂದು ದಪ್ಪ ಜಮಖಾನ, ಕಿಟಕಿಗೊಂದು ಪರದೆ ಹಾಕಿದರೆ ಗೊಂದಲ ಬಹಳಷ್ಟು ಅಡಗುವುದು.

ಧ್ವನಿಗೆ ತಂತಿ ಹೇಗೋ, ವಿದ್ಯುತ್ತಿಗೆ ಭೂಮಿಯೊಡನೆ ಜೋಡಣೆ ಹಾಗೆ. ಇದನ್ನೇ ಅರ್ಥಿಂಗ್ ಎನ್ನುವರು. ಬೀದರ ನಗರ ನೆಲೆಸಿರುವುದು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲೆ. ಆ ಕಲ್ಲನ್ನು ಕೊರೆದೇ ಹಿಂದಿನವರು ನೌಬಾದಿನಲ್ಲಿ ಕರೇಜ್ ಎಂಬ ನೆಲದಡಿಯ ನೀರಿನ ದಾರಿಯನ್ನು ಮಾಡಿದರು. ಬೇಸಿಗೆಯಲ್ಲಿ ಇಂಥ ನೆಲ ಒಣಗಿದಾಗ ಅರ್ಥಿಂಗ್ ದುರ್ಬಲವಾಗುವುದು. ಭಾಲ್ಕಿ, ಔರಾದಗಳ ಎರೆಭೂಮಿ ತೇವವನ್ನು ಹೆಚ್ಚು ಹಿಡಿದಿಡುವುದಾದರೂ, ಬಿಸಿಲಿಗೆ ಬಿರುಕು ಬಿಟ್ಟು ಹೂತ ಸಲಾಕೆಯ ಹಿಡಿತವನ್ನು ಸಡಿಲಿಸಬಲ್ಲುದು. ಆದಕಾರಣ ಅರ್ಥಿಂಗಿನ ಗುಂಡಿಗೆ ಆಗಾಗ ನೀರು ಹಾಕಿಸುವುದೂ, ಬಲ್ಲ ಎಲೆಕ್ಟ್ರಿಷಿಯನ್ನಿನಿಂದ ಅದನ್ನು ಪರೀಕ್ಷಿಸುವುದೂ ಅಗತ್ಯ.

ಲ್ಯಾಪ್‌ಟಾಪ್ ಜೋಡಿಸಿದೊಡನೆ ಸ್ಪೀಕರಿನಲ್ಲಿ ‘ಗುಂಯ್’ ಎಂಬ ಸದ್ದು ಕೇಳಿಸಿದರೆ ಅದಕ್ಕೆ ಅನೇಕ ವೇಳೆ ಈ ಜೋಡಣೆಯೇ ಕಾರಣ. ಲ್ಯಾಪ್‌ಟಾಪು, ರಿಸೀವರು, ಟಿ.ವಿ. ಮೂರಕ್ಕೂ ಒಂದೇ ಬೋರ್ಡಿನಿಂದ ವಿದ್ಯುತ್ತು ಕೊಟ್ಟರೆ ಸದ್ದು ಬಹುಮಟ್ಟಿಗೆ ಶಮನವಾಗುತ್ತದೆ. ಆ ಸದ್ದನ್ನು ನಿಲ್ಲಿಸಲೆಂದು ಪ್ಲಗ್ಗಿನ ಮೂರನೆಯ ಕಡ್ಡಿಯನ್ನೇ ಕಿತ್ತುಹಾಕುವ ಜಾಣರೂ ಇದ್ದಾರೆ. ಸದ್ದು ನಿಂತೀತು, ನಿಜ. ಆದರೆ ಒಳಗಿನ ತಂತಿಯೊಂದು ಲೋಹದ ಕವಚಕ್ಕೆ ತಾಗಿದ ದಿನ, ಪೆಟ್ಟಿಗೆಯನ್ನು ಮುಟ್ಟಿದವರ ಪ್ರಾಣಕ್ಕೆ ಕಾವಲಿರುವುದು ಆ ಕಡ್ಡಿಯೊಂದೇ.