ಕಿರುಹಡಗಿನ ಕೌತುಕ

ಹಾಯಿಹಡಗುಗಳ ಕಿರುಪ್ರತಿಕೃತಿಗಳನ್ನು ರಚಿಸುತ್ತ ತಿಂಗಳುಗಟ್ಟಲೆ ಕಾಲವನ್ನು ಕಳೆಯುವವರನ್ನು ಕಂಡು, ‘ನೀರಿಗಿಳಿಯದ ಹಡಗಿನಿಂದ ಏನು ಪ್ರಯೋಜನ?’ ಎಂದು ಲೋಕವು ನಗುವುದುಂಟು. ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ನಾವು ಒಂದು ಸೆರೆಮನೆಯ ವೃತ್ತಾಂತದಿಂದ ಹೇಳಬಯಸುವೆವು.

ಇಂಗ್ಲೆಂಡಿಗೂ ಫ್ರಾನ್ಸಿಗೂ ಘೋರಯುದ್ಧವು ನಡೆಯುತ್ತಿದ್ದಾಗ, 1797ರಲ್ಲಿ, ಆಂಗ್ಲ ಸರಕಾರದವರು ಪೀಟರ್‌ಬರೋ ಪಟ್ಟಣದ ಬಳಿ ನಾರ್ಮನ್ ಕ್ರಾಸ್ ಎಂಬಲ್ಲಿ ಯುದ್ಧಕೈದಿಗಳಿಗಾಗಿ ಮರದ ಸೆರೆಮನೆಯೊಂದನ್ನು ಕಟ್ಟಿಸಿದರು. ಸಹಸ್ರಾರು ಮಂದಿ ಫ್ರೆಂಚರೂ ಡಚ್ಚರೂ ಅಲ್ಲಿ ವರ್ಷಗಟ್ಟಲೆ ಬಂಧಿತರಾಗಿದ್ದರು. ಅವರಲ್ಲಿ ನಾವಿಕರು ಬಹುಮಂದಿ. ಊಟಕ್ಕೆ ಕೊಟ್ಟ ಮಾಂಸದಲ್ಲಿ ಉಳಿದ ಮೂಳೆಗಳನ್ನು ಕುದಿಸಿ, ಬಿಳುಪುಗೊಳಿಸಿ, ಸಣ್ಣ ಸಣ್ಣ ಹಲಗೆಗಳಾಗಿ ಕೊಯ್ದು, ಮರದ ಒಡಲಿನ ಮೇಲೆ ಜೋಡಿಸಿ ಅವರು ಕಿರಿಯ ಯುದ್ಧನೌಕೆಗಳನ್ನು ನಿರ್ಮಿಸಿದರು. ಹಗ್ಗಗಳಿಗೆ ಕೂದಲೂ ರೇಷ್ಮೆಯ ಎಳೆಯೂ ಒದಗಿದುವು. ಕೆಲವು ಹಡಗುಗಳಲ್ಲಿ ದಾರವೊಂದನ್ನು ಎಳೆದೊಡನೆ ಫಿರಂಗಿಗಳೆಲ್ಲ ಒಮ್ಮೆಲೇ ಒಳಸರಿಯುವುವು. ಸೆರೆಮನೆಯ ಬಾಗಿಲ ಸಂತೆಯಲ್ಲಿ ತಮ್ಮ ಕೈಗೆಲಸಗಳನ್ನು ಮಾರಿ, ಬಂದ ಕಾಸಿನಿಂದ ಅವರು ಆಹಾರವನ್ನೂ ಬಟ್ಟೆಯನ್ನೂ ಕೊಳ್ಳುತ್ತಿದ್ದರು.

ಹಾಗಾದರೆ ಹೊಟ್ಟೆಪಾಡೊಂದೇ ಕಾರಣವೆನ್ನೋಣವೆ? ಹೊಟ್ಟೆಪಾಡಿಗೆ ಹುಲ್ಲಿನ ಕೆಲಸದ ಪೆಟ್ಟಿಗೆ, ಮೂಳೆಯ ಚದುರಂಗದ ಕಾಯಿ ಸಾಕಾಗಿದ್ದುವು. ಅವನ್ನೂ ಅಲ್ಲಿ ಮಾಡುತ್ತಿದ್ದರು. ಹಡಗಿನ ಕೆಲಸವು ಬೇರೆ. ಕೂವೆಮರವನ್ನು ಹಿಡಿದು ನಿಲ್ಲಿಸುವ ಹಗ್ಗ ಯಾವುದು, ಹಾಯಿಯನ್ನು ತಿರುಗಿಸುವುದು ಯಾವುದು ಎಂಬುದನ್ನರಿತು, ಒಂದೊಂದನ್ನೂ ಅದರದರ ಸ್ಥಾನದಲ್ಲಿ ಕಟ್ಟಬೇಕು. ಬಹುಮಟ್ಟಿಗೆ ನೆನಪೇ ನಕ್ಷೆ. ಆದುದರಿಂದ ಅಳತೆಯು ಎಲ್ಲೆಡೆಯೂ ಸರಿಯಿಲ್ಲ; ಕೂವೆಮರಗಳು ಅನೇಕವೇಳೆ ನಿಜಕ್ಕಿಂತ ಎತ್ತರವಾಗಿರುವುವು. ಇದನ್ನು ನಾವು ದೋಷವೆಂದು ಎಣಿಸಲಾರೆವು. ತನ್ನನ್ನು ಹೊತ್ತು ಮನೆಗೊಯ್ಯಬೇಕಾದ ಹಡಗು ನೆನಪಿನಲ್ಲಿ ಎತ್ತರವಾಗುವುದು ಸಹಜವಲ್ಲವೆ?

1814ರಲ್ಲಿ ಸೆರೆಯು ಬಿಟ್ಟಿತು. ಅಷ್ಟರೊಳಗೆ ಸುಮಾರು 1,770 ಮಂದಿ ಅಲ್ಲಿಯೇ ಮಣ್ಣಾಗಿದ್ದರು. ಆ ಕೈದಿಗಳು ಮಾಡಿದ ಹಡಗುಗಳನ್ನು ಪೀಟರ್‌ಬರೋ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು.

ಜಗತ್ತೆಲ್ಲ ಕೈಮೀರಿ ನಿಂತಾಗ, ಗೇಣುದ್ದದ ಒಂದು ವಸ್ತುವಾದರೂ ತನ್ನ ಕೈಯೊಳಗೆ ಕ್ರಮಬದ್ಧವಾಗಿ ರೂಪುಗೊಳ್ಳುವುದನ್ನು ಕಾಣುವ ಸುಖವೇ ಈ ಹವ್ಯಾಸದ ಆಕರ್ಷಣೆಯೆಂದು ನಮಗೆ ತೋರುವುದು. ರೋಗದಿಂದಲೋ ವಾರ್ಧಕ್ಯದಿಂದಲೋ ಮನೆಯೊಳಗೇ ಉಳಿದವರಿಗೆ ಇದರ ಬೆಲೆ ಬೇಗನೆ ತಿಳಿಯುವುದು. ಗೃಹಸ್ಥರೇ, ನಿಮ್ಮ ಮನೆಯ ಹಿರಿಯರು ಕಿಟಕಿಯ ಬಳಿ ಕುಳಿತು ಕಡ್ಡಿ, ದಾರ, ಅಂಟುಗಳನ್ನು ಕೇಳಿದರೆ, ಪ್ರಯೋಜನವನ್ನು ವಿಚಾರಿಸದೆ ತಂದುಕೊಡಿರಿ.