ಉಗ್ರಾಣ ಹಿರಿದಾಗುವಾಗ



ಹಿಂದಿನವರು ಸುಗ್ಗಿ ಹೆಚ್ಚಾದಾಗ ಹೊಸ ಹಗೇವು ತೋಡಿಸುತ್ತಿದ್ದರು. ಅದರ ಒಳಮೈ ಒಣಗಿದೆಯೆಂದು ಖಚಿತವಾಗುವವರೆಗೆ ಹಳೆಯ ಹಗೇವಿನ ಜೋಳವನ್ನು ಅದಕ್ಕೆ ಸುರಿಯುತ್ತಿರಲಿಲ್ಲ. ಇಂದು ಮನೆಗಳಲ್ಲಿ ಕೂಡಿಬೀಳುತ್ತಿರುವುದು ಭಾವಚಿತ್ರ, ಧ್ವನಿ, ಕಾಗದಪತ್ರಗಳ ರಾಶಿ. ಅದಕ್ಕಾಗಿ ಮನೆಯ ಇಂಟರ್‌ನೆಟ್ ರೂಟರಿಗೆ ಜೋಡಿಸುವ, ‘ನ್ಯಾಸ್’ ಎಂದು ಕರೆಯಲ್ಪಡುವ ಪುಟ್ಟ ಸಂಗ್ರಹ ಪೆಟ್ಟಿಗೆಯನ್ನು ಇರಿಸಿಕೊಂಡ ಕುಟುಂಬಗಳುಂಟು. ಅದು ತುಂಬಿದಾಗ ದೊಡ್ಡ ಹಾರ್ಡ್ ಡಿಸ್ಕ್ ಅಳವಡಿಸುವ ಕಾರ್ಯದಲ್ಲಿರುವ ಅಪಾಯವನ್ನು ಸ್ವಾನುಭವದಿಂದ ಅರುಹಬಯಸುತ್ತೇವೆ.

ನಮ್ಮ ಮನೆಯ ಪೆಟ್ಟಿಗೆಯಲ್ಲಿ ತಲಾ 4 ಟೆರಾಬೈಟಿನ ಎರಡು ಡಿಸ್ಕುಗಳಿದ್ದವು. ಒಂದರಲ್ಲಿ ಬರೆದುದೆಲ್ಲ ಮತ್ತೊಂದರಲ್ಲಿಯೂ ಪ್ರತಿಬಿಂಬದಂತೆ ಮೂಡುವ ‘ರೇಡ್ 1’ ಎಂಬ ವ್ಯವಸ್ಥೆ ಅದರದು. ಹಲವು ಅಗ್ಗದ ಡಿಸ್ಕುಗಳನ್ನು ಒಗ್ಗೂಡಿಸುವ ರೇಡ್ ವಿಧಾನವನ್ನು 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ತಮ್ಮ ಪ್ರಬಂಧದಲ್ಲಿ ನಿರೂಪಿಸಿದರು. ಒಂದು ಡಿಸ್ಕು ಕೆಟ್ಟರೂ ಇನ್ನೊಂದು ಉಳಿಯುವುದೆಂಬ ಧೈರ್ಯದಿಂದ, ನಮ್ಮ ತಾಯಿಯವರ ಬೀಸುವ ಪದಗಳನ್ನು ಹಳೆಯ ಕ್ಯಾಸೆಟ್ಟಿನಿಂದ ಅದಕ್ಕೆ ಇಳಿಸಿಕೊಂಡಿದ್ದೆವು. ಕ್ಯಾಸೆಟ್ಟು ಆಮೇಲೆ ಬೂಷ್ಟು ಹಿಡಿದು ಹಾಳಾಯಿತು.

ಸ್ಥಳ ಸಾಲದಾದಾಗ ಮಗನು 8 ಟೆರಾಬೈಟಿನ ಎರಡು ಡಿಸ್ಕುಗಳನ್ನು ತಂದನು. ಹಳೆಯದೊಂದನ್ನು ತೆಗೆದು, ಆ ಸ್ಥಾನದಲ್ಲಿ ಹೊಸದನ್ನಿಟ್ಟು, ಪ್ರತಿ ಪೂರ್ಣವಾದ ಮೇಲೆ ಎರಡನೆಯದನ್ನು ಬದಲಿಸುವುದು ಕ್ರಮ. ಪ್ರತಿಯಾಗುವ ಕೆಲಸ ಅರ್ಧ ಮುಗಿದಿತ್ತು. ಅಷ್ಟರಲ್ಲಿ ಒಳಗುಳಿದ ಹಳೆಯ ಡಿಸ್ಕಿನಲ್ಲಿ ಓದುವ ದೋಷ ಕಾಣಿಸಿ ಕೆಲಸ ನಿಂತಿತು. ಏಳು ವರ್ಷ ದುಡಿದ ಆ ಡಿಸ್ಕನ್ನು ನಾವು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಆ ಹೊತ್ತಿನಲ್ಲಿ ಮಗನು, ಹೊರತೆಗೆದ ಡಿಸ್ಕನ್ನು ಅಳಿಸಿ ಅಳಿಯನಿಗೆ ಕೊಡಲು ಸಿದ್ಧನಾಗಿದ್ದನು. ಅವನ ಕೈ ತಡೆದು, ಬಲ್ಲವರೊಬ್ಬರಿಂದ ಅದನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ನೋಡಲಾಗಿ ತಾಯಿಯವರ ದನಿ ಪೂರ್ಣವಾಗಿ ಸಿಕ್ಕಿತು.

ಎರಡು ಡಿಸ್ಕುಗಳ ಆಸರೆಯಲ್ಲಿದ್ದ ಸಂಗ್ರಹ, ಬದಲಿಸುವ ಆ ಕೆಲವು ಗಂಟೆ ಒಂದೇ ಡಿಸ್ಕಿನ ಮೇಲೆ ನಿಂತಿರುತ್ತದೆ. ಅದೂ ಆ ಮುದಿ ಡಿಸ್ಕು ಮೊದಲಿನಿಂದ ಕೊನೆಯವರೆಗೆ ಎಡೆಬಿಡದೆ ಓದಿಕೊಡಬೇಕಾದ ಸಮಯದಲ್ಲಿ. ಸೆಕೆಂಡಿಗೆ 150 ಮೆಗಾಬೈಟಿನಂತೆ ಸಾಗಿದರೂ 4 ಟೆರಾಬೈಟಿಗೆ ಏಳು ಗಂಟೆಗಿಂತ ಹೆಚ್ಚು ಬೇಕು. ಅಲ್ಲದೆ ಪ್ರತಿಬಿಂಬವು ಬ್ಯಾಕಪ್ ಅಲ್ಲ. ಕೈತಪ್ಪಿ ಅಳಿಸಿದ ಚಿತ್ರ ಎರಡರಲ್ಲಿಯೂ ಅಳಿಯುತ್ತದೆ. ಸಿಡಿಲು, ಕಳವು ಇಡೀ ಪೆಟ್ಟಿಗೆಯನ್ನೇ ಒಯ್ಯುತ್ತವೆ.

ಆದುದರಿಂದ ಗೃಹಸ್ಥರು ಮೊದಲು ಇನ್ನೊಂದು ಡಿಸ್ಕಿನಲ್ಲಿ ಪೂರ್ಣ ಪ್ರತಿಯನ್ನು ತೆಗೆದು, ಕೆಲವು ಕಡತಗಳನ್ನು ತೆರೆದು ನೋಡಬೇಕು. ಹಳೆಯ, ಹೊಸ ಡಿಸ್ಕುಗಳೆಲ್ಲದರ ಆರೋಗ್ಯ ಪರೀಕ್ಷೆಯನ್ನು ಪೆಟ್ಟಿಗೆಯ ತಂತ್ರಾಂಶದಿಂದಲೇ ನಡೆಸಬಹುದು. ವಿದ್ಯುತ್ತು ಹೋದರೂ ಕೆಲಸ ಕೆಡದಂತೆ ಯುಪಿಎಸ್ ಇರಲಿ. ಕೊಳ್ಳುವಾಗ ‘ಸಿಎಂಆರ್’ ಬಗೆಯದನ್ನೇ ಕೇಳಿರಿ. ‘ಎಸ್‌ಎಂಆರ್’ ಬಗೆಯಲ್ಲಿ ದತ್ತಾಂಶದ ಪಥಗಳು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಚಾಚಿರುವುದರಿಂದ ಇಂತಹ ದೀರ್ಘ ಬರವಣಿಗೆ ಬಹಳ ನಿಧಾನವಾಗುತ್ತದೆ. ಒಂದು ಡಿಸ್ಕು ಬದಲಾದೊಡನೆ ಸ್ಥಳ ಹೆಚ್ಚಲಿಲ್ಲವೆಂದು ಗಾಬರಿಯಾಗಬೇಡಿರಿ. ಎರಡೂ ಬದಲಾಗಿ, ಸಂಗ್ರಹವನ್ನು ವಿಸ್ತರಿಸಲು ಆಜ್ಞೆಯಿತ್ತ ಮೇಲೆಯೇ ಅದು ಹೆಚ್ಚುವುದು. ಆಗಲೂ 8 ಎಂದಿದ್ದುದು ಸುಮಾರು 7.3 ಎಂದು ಕಂಡರೆ ಅದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ಕೆಲವು ಯಂತ್ರಗಳು 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬಂದ ಅಂತರವದು.

ಹೊರತೆಗೆದ ಹಳೆಯ ಡಿಸ್ಕುಗಳನ್ನು ಕನಿಷ್ಠ ಒಂದು ತಿಂಗಳು ಹಾಗೆಯೇ ಇರಿಸಿರಿ. ಅನ್ಯರಿಗೆ ಕೊಡುವ ಮುನ್ನ ಮಾತ್ರ ಪೂರ್ಣವಾಗಿ ಅಳಿಸಿರಿ. ಮನೆಯ ಲೆಕ್ಕಪತ್ರಗಳು ಅದರಲ್ಲಿರುತ್ತವೆ.

ತಾಯಿಯವರ ಪದಗಳು ಈಗ ನಮ್ಮ ಪೆಟ್ಟಿಗೆಯಲ್ಲಿವೆ, ಬೀರುವಿನ ಡಿಸ್ಕಿನಲ್ಲಿವೆ, ಧಾರವಾಡದ ತಂಗಿಯ ಮನೆಯಲ್ಲಿಯೂ ಇವೆ. ಆಕೆ ಆಗಾಗ ಹಚ್ಚಿ ಕೇಳುತ್ತಾಳಂತೆ. ಪ್ರತಿ ಸರಿಯಾಗಿದೆಯೆಂಬುದಕ್ಕೆ ನಮಗೆ ಅಷ್ಟು ಸಾಕು.