ಕಾರಣ ಹೇಳದ ‘ಬೇಡ’

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನದಿಂದ ಪಿಯು ದಾಖಲಾತಿ ಮುಗಿಯುವ ತನಕ ನಮ್ಮ ಎಷ್ಟೋ ಮನೆಗಳಲ್ಲಿ ಒಂದೇ ಜಗಳ. ಮಗಳು ಆರ್ಟ್ಸ್ ಅನ್ನುತ್ತಾಳೆ, ಮನೆಯವರು ಸೈನ್ಸಿನ ಪಿಸಿಎಂಬಿ ಅನ್ನುತ್ತಾರೆ. ಮಗ ಕಾಮರ್ಸ್ ಕೇಳುವ ಹೊತ್ತಿಗೆ ಅಪ್ಪ ಕೋಚಿಂಗೂ ಕೊಡುವ ಇಂಟಿಗ್ರೇಟೆಡ್ ಕಾಲೇಜಿನ ಅರ್ಜಿ ತಂದಾಗಿರುತ್ತದೆ. ಕೊನೆಗೆ ಮಕ್ಕಳ ಬಾಯಿಂದ ಬರುವ ಮಾತು ‘ನಾನು ನಿಮಗೆ ಅರ್ಥವೇ ಆಗಲ್ಲ’ ಎಂಬುದು. ಅದಕ್ಕೆ ದೊಡ್ಡವರ ಉತ್ತರ: ‘ಈ ವಯಸ್ಸಲ್ಲಿ ಎಲ್ಲರೂ ಹೀಗೇ ಅನ್ನೋದು.’ ಅಲ್ಲಿಗೆ ಮಾತು ಮುಗಿಯುತ್ತದೆ, ಆದರೆ ಪ್ರಶ್ನೆ ಮುಗಿದಿರುವುದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳು ಕೇಳಿದ್ದನ್ನೆಲ್ಲ ಕೊಡಬೇಕು ಎಂಬುದು ನನ್ನ ವಾದವಲ್ಲ. ‘ಬೇಡ’ ಎನ್ನುವ ಅಧಿಕಾರ ಹೆತ್ತವರಿಗೆ ಇದೆ, ಇರಬೇಕು. ಆದರೆ ಆ ಬೇಡಕ್ಕೆ ಮಗುವಿನ ಮುಖ ನೋಡಿ ಹೇಳಬಹುದಾದ, ಮರುಪ್ರಶ್ನೆ ಬಂದರೂ ನಿಲ್ಲುವ ಕಾರಣ ಇರಬೇಕು. ಅಂಥ ಕಾರಣ ಇಲ್ಲದ ಕಡೆ ಮಕ್ಕಳ ದೂರು ಹರೆಯದ ಹುಚ್ಚಾಟವಲ್ಲ, ನಿಜವಾದ ದೂರು. ಪಿಯು ಉಪನ್ಯಾಸಕನಾಗಿ ದಾಖಲಾತಿಯ ಮೇಜಿನ ಮುಂದೆ ಕೂತು ಕೇಳಿದ ಎದುರುವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ತೀರ್ಪು ಓದುಗರದು.

ಮೊದಲನೆಯ ವಾದ: ‘ಹದಿನಾರು ವರ್ಷದ ಹುಡುಗನಿಗೆ ಏನು ತಿಳಿಯುತ್ತೆ? ಅವನ ಪರವಾಗಿ ನಾವು ಯೋಚಿಸಬೇಕಾಗುತ್ತೆ.’ ಹದಿನಾರಕ್ಕೆ ಎಲ್ಲವೂ ತಿಳಿಯುವುದಿಲ್ಲ, ಒಪ್ಪೋಣ. ಏನೂ ತಿಳಿಯುವುದಿಲ್ಲ ಎನ್ನುವುದನ್ನು ಮಾತ್ರ ನಮ್ಮ ಕಾನೂನೇ ಒಪ್ಪುವುದಿಲ್ಲ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ ಬ್ರಿಟಿಷರ ಕಾಲದ್ದು. ಅದರ 17ನೆಯ ಕಲಮಿನಲ್ಲಿಯೇ, ಬುದ್ಧಿಪೂರ್ವಕವಾಗಿ ಇಷ್ಟ ಹೇಳುವಷ್ಟು ಬೆಳೆದ ಮಗುವಿನ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದು ಎಂದಿದೆ. ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಅದರ ಮಾತಿಗೆ ವಯಸ್ಸಿಗೆ ತಕ್ಕ ತೂಕ ಕೊಡಬೇಕು ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಹದಿನಾರು ತುಂಬಿದವರು ಘೋರ ಅಪರಾಧ ಮಾಡಿದ್ದಾರೆ ಎಂಬ ಆರೋಪ ಬಂದರೆ, ಅವರ ಮಾನಸಿಕ ಸಾಮರ್ಥ್ಯವನ್ನು ಅಳೆದು ವಯಸ್ಕರಂತೆ ವಿಚಾರಣೆ ನಡೆಸಲೂ ಅವಕಾಶವಿದೆ. ತಪ್ಪು ಮಾಡಿದರೆ ತಿಳಿದೇ ಮಾಡಿದ ಎಂದು ಕಟಕಟೆಯಲ್ಲಿ ನಿಲ್ಲಿಸಬಹುದಾದ ವಯಸ್ಸಿನವನಿಗೆ ಇತಿಹಾಸ ಇಷ್ಟವೋ ಭೌತವಿಜ್ಞಾನ ಇಷ್ಟವೋ ಎಂಬುದು ತಿಳಿಯುವುದಿಲ್ಲ ಎಂದರೆ ನಂಬುವುದು ಹೇಗೆ?

ಇದಕ್ಕಿಂತ ದೊಡ್ಡ ವಿರೋಧಾಭಾಸ ಕಾಲೇಜಿನ ಗೇಟಿನ ಹೊರಗೆ ಸಾಲಾಗಿ ನಿಂತಿರುತ್ತದೆ. ‘ಇವನಿಗೇನು ಗೊತ್ತು’ ಎಂದು ಕಾಂಬಿನೇಷನ್ ಬದಲಿಸಿದ ಅಪ್ಪನೇ ಬೆಳಗಿನ ಐದೂವರೆಯ ಟ್ಯೂಷನ್ನಿಗೆ ಹೋಗಲು ಅದೇ ಮಗನ ಕೈಗೆ ಸ್ಕೂಟರಿನ ಕೀ ಕೊಟ್ಟಿರುತ್ತಾರೆ. ಹದಿನಾರು ತುಂಬಿದವರು ಓಡಿಸಬಹುದಾದದ್ದು 50 ಸಿಸಿಯೊಳಗಿನ ಗೇರಿಲ್ಲದ ಗಾಡಿಯನ್ನು, ಅದೂ ಲೈಸೆನ್ಸ್ ಇದ್ದರೆ. ನಮ್ಮ ಬೀದಿಯ ಪೆಟ್ರೋಲ್ ಸ್ಕೂಟರುಗಳು ಹೆಚ್ಚಾಗಿ 110, 125 ಸಿಸಿಯವು. 2019ರ ತಿದ್ದುಪಡಿಯಲ್ಲಿ ಬಂದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಜೀವಕ್ಕೇ ಕುತ್ತು ತರಬಹುದಾದ ಗಾಡಿಯ ವಿಷಯದಲ್ಲಿ ಮಗ ದೊಡ್ಡವನು, ಪುಸ್ತಕ ಆರಿಸುವ ವಿಷಯದಲ್ಲಿ ಚಿಕ್ಕವನು. ಎರಡೂ ಒಟ್ಟಿಗೆ ನಿಲ್ಲಲಾರವು. ಹಾಗಾಗಿ ಈ ವಾದ ವಯಸ್ಸಿನ ಕುರಿತದ್ದೇ ಅಲ್ಲ, ಹೆತ್ತವರ ಅನುಕೂಲದ ಕುರಿತದ್ದು.

ಎರಡನೆಯ ವಾದ ಹೆಚ್ಚು ಗಟ್ಟಿ: ‘ಸೈನ್ಸ್ ತಗೊಂಡರೆ ಎಲ್ಲ ಬಾಗಿಲೂ ತೆರೆದಿರುತ್ತೆ. ಆಮೇಲೆ ಬೇಕಾದರೆ ಆರ್ಟ್ಸಿಗೆ ಬರಬಹುದು, ಆರ್ಟ್ಸಿನಿಂದ ಸೈನ್ಸಿಗೆ ಹೋಗೋಕಾಗಲ್ಲ.’ ಎರಡನೆಯ ಅರ್ಧ ಬಹುಮಟ್ಟಿಗೆ ನಿಜ. ವೈದ್ಯಕೀಯಕ್ಕೂ ಎಂಜಿನಿಯರಿಂಗಿಗೂ ಸಾಮಾನ್ಯವಾಗಿ ಪಿಯು ವಿಜ್ಞಾನವೇ ಬೇಕು. ಮಗುವಿಗೇ ಅತ್ತ ಒಲವಿದ್ದು ಗೊಂದಲದಲ್ಲಿದ್ದರೆ ಈ ಸಲಹೆಯಲ್ಲಿ ತಪ್ಪೂ ಇಲ್ಲ. ಆದರೆ ಒಲ್ಲದ ಮಗುವಿಗೆ ಆ ಬಾಗಿಲು ತೆರೆದಿರುವುದು ಕಾಗದದ ಮೇಲೆ ಮಾತ್ರ. ನಮ್ಮಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕದ ಜೊತೆ ದ್ವಿತೀಯ ಪಿಯುಸಿಯ ಅಂಕವೂ ಸಮಸಮನಾಗಿ ಸೇರುತ್ತದೆ. ಎರಡು ವರ್ಷ ಹಲ್ಲು ಕಚ್ಚಿ ಓದಿ ಭೌತವಿಜ್ಞಾನದಲ್ಲಿ ಹೇಗೋ ಪಾಸಾದವನಿಗೆ ಆ ರ‍್ಯಾಂಕ್ ಎಲ್ಲಿಂದ ಬರಬೇಕು? ವೈದ್ಯಕೀಯದ ನೀಟ್ ಲೆಕ್ಕ ಇನ್ನೂ ಕಠಿಣ. 2024ರಲ್ಲಿ ಪರೀಕ್ಷೆ ಬರೆದವರು 23 ಲಕ್ಷಕ್ಕೂ ಹೆಚ್ಚು, ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಒಂದು ಲಕ್ಷಕ್ಕೆ ತುಸು ಮೇಲೆ. ಆಸೆಪಟ್ಟು ಓದಿದವರಲ್ಲೇ ಇಪ್ಪತ್ತಕ್ಕೊಬ್ಬರಿಗೆ ಸೀಟು ಸಿಗುವಾಗ, ದೂಡಿಸಿಕೊಂಡು ಹೋದವರ ಪಾಡು ಹೇಳಬೇಕಿಲ್ಲ. ಇನ್ನು ‘ಆಮೇಲೆ ಆರ್ಟ್ಸಿಗೆ ಬರಬಹುದು’ ಎಂಬ ಮಾತು. ಬರುತ್ತಾರೆ, ನಿಜ. ತೊಂಬತ್ತು ತೆಗೆಯಬಲ್ಲವರು ಐವತ್ತರ ಅಂಕಪಟ್ಟಿ ಹಿಡಿದು, ‘ನನ್ನ ಕೈಲಿ ಆಗಲ್ಲ’ ಎಂಬ ನಂಬಿಕೆಯನ್ನು ಗಟ್ಟಿಮಾಡಿಕೊಂಡು ಬರುತ್ತಾರೆ.

ಮೂರನೆಯದು: ‘ಆರ್ಟ್ಸ್ ಓದಿದರೆ ಅನ್ನ ಹುಟ್ಟಲ್ಲ.’ ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಗೆ ಸೇರಲು ಬರೆಯಬೇಕಾದ ಕ್ಲಾಟ್ ಪರೀಕ್ಷೆಗೆ ಪಿಯುನಲ್ಲಿ ಯಾವ ವಿಭಾಗವಾದರೂ ಆದೀತು. ಸಿಎ ಫೌಂಡೇಷನ್‌ಗೂ ಅಷ್ಟೇ. ಕೆಎಎಸ್, ಐಎಎಸ್‌ಗೆ ಯಾವುದೇ ಪದವಿ ಸಾಕು. ಈ ವಾದ ಮುರಿದುಬೀಳುವುದೂ ಐಎಎಸ್ ಹೆಸರಿನಲ್ಲೇ. ‘ಮಗ ಡಿಸಿ ಆಗಬೇಕು’ ಎನ್ನುವವರೇ ‘ಆರ್ಟ್ಸ್ ಬೇಡ’ ಎನ್ನುವುದನ್ನು ಮೇಜಿನ ಈಚೆಯಿಂದ ನಾನು ಎಷ್ಟೋ ಸಲ ಕೇಳಿದ್ದೇನೆ. ಐಎಎಸ್ ಪರೀಕ್ಷೆಯ ಸಾಮಾನ್ಯ ಅಧ್ಯಯನದಲ್ಲಿ ಮುಖ್ಯವಾಗಿ ಏನಿದೆ? ಇತಿಹಾಸ, ಭೂಗೋಳ, ಸಂವಿಧಾನ, ಅರ್ಥಶಾಸ್ತ್ರ, ಸಮಾಜ. ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಸಮಾಜಶಾಸ್ತ್ರ ಇದೆ, ರಾಜ್ಯಶಾಸ್ತ್ರ ಇದೆ, ಕನ್ನಡ ಸಾಹಿತ್ಯವೂ ಇದೆ. ಎಂಜಿನಿಯರಿಂಗ್ ಮುಗಿಸಿದ ಎಷ್ಟೋ ಹುಡುಗರು ಇಪ್ಪತ್ಮೂರು ಇಪ್ಪತ್ನಾಲ್ಕನೆಯ ವಯಸ್ಸಿಗೆ ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರುಗಳಲ್ಲಿ ಕೂತು ಇವೇ ವಿಷಯಗಳನ್ನು ಮೊದಲಿಂದ ಓದುತ್ತಾರೆ. ಹದಿನಾರಕ್ಕೆ ‘ಇದರಿಂದ ಏನು ಉಪಯೋಗ’ ಎಂದು ಕಿತ್ತುಕೊಂಡ ಪುಸ್ತಕವನ್ನು ಎಂಟು ವರ್ಷದ ನಂತರ ಫೀಸು ಕಟ್ಟಿ ಕೊಡಿಸುವವರು ಅದೇ ತಂದೆತಾಯಿ. ಪುಸ್ತಕ ನಿರುಪಯೋಗಿ ಎಂಬ ಮಾತಿಗೆ ಇದಕ್ಕಿಂತ ಬೇರೆ ಖಂಡನೆ ಬೇಕಿಲ್ಲ.

ಇಷ್ಟಾದ ಮೇಲೆ ವಾದ ಜಾಗ ಬದಲಿಸುತ್ತದೆ: ‘ಮೊದಲು ಡಿಗ್ರಿ ಕೈಯಲ್ಲಿರಲಿ, ಆಮೇಲೆ ಅವನಿಷ್ಟ. ಅನಿಲ್ ಕುಂಬ್ಳೆ ಎಂಜಿನಿಯರಿಂಗ್ ಮಾಡಲಿಲ್ಲವೇ?’ ಮಾಡಿದರು, ಆರ್‌.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್. ಆದರೆ ಈ ಉದಾಹರಣೆ ಕೊಡುವವರು ವರ್ಷಗಳನ್ನು ನೋಡಿಲ್ಲ. ಕುಂಬ್ಳೆ ಮೊದಲ ಟೆಸ್ಟ್ ಆಡಿದ್ದು 1990ರ ಆಗಸ್ಟ್‌ನಲ್ಲಿ, ಮ್ಯಾಂಚೆಸ್ಟರ್‌ನಲ್ಲಿ. ಆಗ ವಯಸ್ಸು 19, ಪದವಿ ಇನ್ನೂ ಕೈಗೆ ಬಂದಿರಲಿಲ್ಲ. ಚೆಂಡು ಕೆಳಗಿಡು, ಡಿಗ್ರಿ ಬಂದ ಮೇಲೆ ಎತ್ತಿಕೊ ಎಂದಿದ್ದರೆ ಆ ಟೆಸ್ಟ್ ಇರುತ್ತಿರಲಿಲ್ಲ. ಓದು ಮತ್ತು ಒಲವು ಜೊತೆಜೊತೆಗೆ ನಡೆದದ್ದಕ್ಕೆ ಆ ಬದುಕು ಸಾಕ್ಷಿ. ಒಲವನ್ನು ಮುಂದೂಡಬೇಕು ಎಂಬ ವಾದಕ್ಕೆ ಅದು ಸಾಕ್ಷಿ ಹೇಳುವುದಿಲ್ಲ.

ಐದನೆಯದು ಅನುಭವದ ವಾದ: ‘ನಾವೆಲ್ಲ ಅಪ್ಪ ಹೇಳಿದ್ದನ್ನೇ ಓದಿದೆವು, ಎದುರು ಮಾತಾಡಲಿಲ್ಲ, ಚೆನ್ನಾಗೇ ಇದ್ದೇವೆ.’ ಇದನ್ನು ಹೇಳುವವರ ಜೊತೆ ಇನ್ನು ಹತ್ತು ನಿಮಿಷ ಕೂತು ಮಾತಾಡಿ. ‘ನನಗೆ ಡ್ರಾಯಿಂಗ್ ಅಂದರೆ ಪ್ರಾಣ, ಮನೇಲಿ ಬಿಡಲಿಲ್ಲ’, ‘ಮೈಸೂರಿಗೆ ಎಂಎ ಮಾಡೋಕೆ ಹೋಗಬೇಕಂತಿತ್ತು, ಹೆಣ್ಣುಮಕ್ಕಳಿಗೆ ಯಾಕೆ ಅಂದರು’ ಎಂಬ ಮಾತು ಬರುತ್ತದೆ. ಬರುವಾಗ ದನಿ ಸಣ್ಣದಾಗುತ್ತದೆ. ಮೂವತ್ತು ವರ್ಷ ಕಳೆದರೂ ಆರದ ನೋವನ್ನು ಎದೆಯಲ್ಲಿ ಇಟ್ಟುಕೊಂಡವರು ‘ಅದರಿಂದ ಏನೂ ಆಗಲಿಲ್ಲ’ ಎಂದು ಸಾಕ್ಷಿ ಹೇಳಲಾಗದು. ಜೊತೆಗೆ, ಆಗ ತಾಲ್ಲೂಕಿಗೆ ಒಂದೋ ಎರಡೋ ಪಿಯು ಕಾಲೇಜು, ಇದ್ದಷ್ಟೇ ವಿಷಯ. ಆಯ್ಕೆಯೇ ಇಲ್ಲದ ಕಾಲದ ವಿಧೇಯತೆಯನ್ನು ಆಯ್ಕೆಗಳು ಕಣ್ಣೆದುರಿಗಿರುವ ಮಕ್ಕಳ ಮೇಲೆ ಅಳತೆಗೋಲಾಗಿ ಬಳಸುವುದು ನ್ಯಾಯವಲ್ಲ.

ಆರನೆಯದು: ‘ಇವರಿಗೆ ಏನು ಕಡಿಮೆ ಮಾಡಿದ್ದೇವೆ? ಲಕ್ಷಗಟ್ಟಲೆ ಫೀಸು ಕಟ್ಟುತ್ತೇವೆ, ಇನ್ನೂ ಅರ್ಥ ಮಾಡಿಕೊಂಡಿಲ್ಲ ಅಂತಾರೆ.’ ದುಡಿದು ಕಟ್ಟುವ ಹಣದ ಹಿಂದಿರುವ ಪ್ರೀತಿಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಲೆಕ್ಕ ಸರಿಯಾಗಿ ಮಾಡೋಣ. ಒಮ್ಮೆ ನನ್ನ ಮೇಜಿಗೆ ಬಂದ ಅರ್ಜಿಯಲ್ಲಿ ಕಾಂಬಿನೇಷನ್ ಕಾಲಂನಲ್ಲಿ ದುಂಡನೆಯ ಅಕ್ಷರದಲ್ಲಿ ‘ಎಚ್‌ಇಪಿಎಸ್’ ಎಂಬ ಆರ್ಟ್ಸ್ ಗುಂಪಿನ ಹೆಸರಿತ್ತು. ಅದರ ಮೇಲೆ ಎರಡು ಗೆರೆ ಎಳೆದು, ಬೇರೆ ಕೈಬರಹದಲ್ಲಿ ‘ಪಿಸಿಎಂಬಿ’ ಎಂದು ಬರೆದಿತ್ತು. ವಿದ್ಯಾರ್ಥಿಯ ಸಹಿಯ ಜಾಗ ಖಾಲಿ. ಹುಡುಗಿಯನ್ನು ಕರೆದೆ. ಅಪ್ಪನ ಹಿಂದಿನಿಂದ ಬಂದು, ಗೆರೆ ಎಳೆದ ಅಕ್ಷರಗಳ ಮೇಲೆ ಬೆರಳಿಟ್ಟುಕೊಂಡೇ ಸಹಿ ಹಾಕಿದಳು. ‘ಯಾಕೆ ಬದಲಿಸಿದಿರಿ ಸಾರ್’ ಎಂದು ಕೇಳಿದ್ದಕ್ಕೆ ಅಪ್ಪ ‘ಅವಳಿಗೋಸ್ಕರಾನೇ’ ಎಂದರು. ಅವಳಿಗಾಗಿ ಎಂದವರು ಅವಳ ಕಡೆ ತಿರುಗಿರಲಿಲ್ಲ. ಸರ್ಕಾರಿ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ತಗಲುವ ಖರ್ಚು ಇಂಟಿಗ್ರೇಟೆಡ್ ಕಾಲೇಜು ಮತ್ತು ಹಾಸ್ಟೆಲ್ಲಿನ ಖರ್ಚಿನ ಪಕ್ಕದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ಮಗು ಕೇಳಿದ ಅಗ್ಗದ್ದನ್ನು ನಿರಾಕರಿಸಿ, ಕೇಳದ ದುಬಾರಿಯದನ್ನು ಕೊಡಿಸಿ, ಆ ದುಬಾರಿಯ ಋಣವನ್ನು ಮಗುವಿನ ತಲೆಗೇ ಕಟ್ಟಲಾಗುತ್ತಿದೆ. ‘ಏನು ಕಡಿಮೆ ಮಾಡಿದ್ದೇವೆ’ ಎಂಬ ಪ್ರಶ್ನೆಗೆ ಉತ್ತರ ಆ ಅರ್ಜಿಯಲ್ಲೇ ಇತ್ತು: ಕೇಳುವುದೊಂದನ್ನು ಕಡಿಮೆ ಮಾಡಿದ್ದೀರಿ.

ಕೊನೆಯ ಕೋಟೆ ಇದು: ‘ಎಲ್ಲದಕ್ಕೂ ಕಾರಣ ಹೇಳುತ್ತ ಕೂತರೆ ಮಕ್ಕಳು ತಲೆ ಮೇಲೆ ಹತ್ತಿ ಕೂರುತ್ತಾರೆ.’ ನಡೆಯುವುದು ಇದರ ತಿರುವುಮುರುವು. ಮಗ ಸ್ಕೂಟರು ಕೇಳಿದಾಗ ‘ನಿನಗಿನ್ನೂ ಹದಿನೆಂಟಾಗಿಲ್ಲ, ಲೈಸೆನ್ಸ್ ಇಲ್ಲ, ಏನಾದರೂ ಆದರೆ ಇನ್ಶೂರೆನ್ಸಿಗೂ ತೊಂದರೆ, ನಾನು ಜೈಲಿಗೆ ಹೋಗಬೇಕಾಗುತ್ತೆ’ ಎಂದು ಹೇಳಿ ನೋಡಿ. ಮುಖ ಊದಿಸಿಕೊಂಡಾನು, ಎರಡು ದಿನ ಮಾತು ಬಿಟ್ಟಾನು, ಆದರೆ ತನಗೆ ಅನ್ಯಾಯವಾಯಿತು ಎಂದು ಎದೆ ಮುಟ್ಟಿಕೊಂಡು ಹೇಳಲಾರ. ‘ಈ ವರ್ಷ ಮಳೆ ಕೈಕೊಟ್ಟಿದೆ, ಸೊಸೈಟಿ ಸಾಲ ಬಾಕಿ ಇದೆ, ಟೂರಿಗೆ ದುಡ್ಡಿಲ್ಲ’ ಎಂದು ಬಿಚ್ಚಿ ಹೇಳಿದ ಮನೆಯ ಮಕ್ಕಳು ತಾವಾಗಿಯೇ ಟೂರಿನ ಪಟ್ಟಿಯಿಂದ ಹೆಸರು ತೆಗೆಸಿದ್ದನ್ನು ನಾನು ನೋಡಿದ್ದೇನೆ. ಕಾರಣ ತಿಳಿದ ಮಗು ತಲೆಯ ಮೇಲೆ ಕೂರುವುದಿಲ್ಲ, ಸರಿಸಮ ಕೂತು ಮನೆಯ ಭಾರದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಕಾರಣ ಸಿಗದ ಮಗು ಕಲಿಯುವುದು ಬೇರೆಯದನ್ನು. ಬೈಸಿಕೊಳ್ಳದಂತೆ ಸುಳ್ಳು ಹೇಳುವುದನ್ನು, ಅಂಕಪಟ್ಟಿ ಬಚ್ಚಿಡುವುದನ್ನು, ಸಂಕಟ ಬಂದಾಗ ಮನೆಯವರನ್ನು ಬಿಟ್ಟು ಬೇರೆ ಯಾರಿಗಾದರೂ ಹೇಳಿಕೊಳ್ಳುವುದನ್ನು ಕಲಿಯುತ್ತದೆ. ಶಿಸ್ತಿನ ಹೆಸರಿನಲ್ಲಿ ಕೈಬಿಟ್ಟುಹೋಗುವುದು ಮನೆಯವರ ಮೇಲಿನ ನಂಬಿಕೆ.

ಈ ವಾದಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಒಂದಕ್ಕೆ ಉತ್ತರ ಸಿಕ್ಕ ಕೂಡಲೇ ಹೆತ್ತವರು ಇನ್ನೊಂದಕ್ಕೆ ಹಾರುತ್ತಾರೆ. ವಯಸ್ಸಿನಿಂದ ಬಾಗಿಲಿಗೆ, ಬಾಗಿಲಿನಿಂದ ಅನ್ನಕ್ಕೆ, ಅನ್ನದಿಂದ ಡಿಗ್ರಿಗೆ, ಡಿಗ್ರಿಯಿಂದ ತಮ್ಮ ಕಾಲಕ್ಕೆ, ಅಲ್ಲಿಂದ ಫೀಸಿಗೆ, ಕೊನೆಗೆ ಶಿಸ್ತಿಗೆ. ನಿಜವಾದ ಕಾರಣ ಇದ್ದವರಿಗೆ ಹೀಗೆ ಜಾಗ ಬದಲಿಸಬೇಕಾಗಿ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಬಾಯಿಗೆ ಬಾರದ ಕಾರಣ ಬೇರೆಯೇ ಇರುತ್ತದೆ. ಮದುವೆ ಮನೆಯಲ್ಲಿ ಯಾರಾದರೂ ‘ಮಗಳು ಏನು ಓದ್ತಿದ್ದಾಳೆ’ ಎಂದು ಕೇಳಿದಾಗ ಆರ್ಟ್ಸ್ ಎನ್ನಲು ಅವರಿಗೆ ಮುಜುಗರ. ಓರಗಿತ್ತಿಯ ಮಗ ಸೈನ್ಸ್ ತೆಗೆದುಕೊಂಡಿದ್ದಾನೆ. ಮುಂದೆ ಹೇಗೋ ಏನೋ ಎಂಬ ಭಯವೂ ಇದೆ, ಆ ಭಯ ಸುಳ್ಳಲ್ಲ. ಸಣ್ಣ ಸಂಬಳದಲ್ಲಿ, ತುಂಡು ಜಮೀನಿನಲ್ಲಿ ಮನೆ ನಡೆಸಿದವರಿಗೆ ಮಕ್ಕಳ ನಾಳೆಯ ಬಗ್ಗೆ ಭಯವಿರುವುದು ಸಹಜ.

ಹಾಗಾದರೆ ಅದನ್ನೇ ಹೇಳಿ. ‘ನನಗೆ ಭಯವಾಗುತ್ತೆ ಮಗಳೇ, ನೀನು ಕಷ್ಟಪಡ್ತೀಯೇನೋ ಅಂತ’ ಎನ್ನಿ. ಆಗ ಅವಳಿಗೆ ತಾನು ಯೋಚಿಸಿದ್ದನ್ನು ಹೇಳಲು ಒಂದು ಎಡೆ ಸಿಗುತ್ತದೆ. ಯಾವ ಕಾಲೇಜು, ಮುಂದೆ ಯಾವ ಪರೀಕ್ಷೆ, ಆಗದಿದ್ದರೆ ಇನ್ನೊಂದು ದಾರಿ ಯಾವುದು ಎಂದು ಅವಳನ್ನು ಕೇಳಿ. ಉತ್ತರ ಪೊಳ್ಳಾಗಿದ್ದರೆ ‘ಬೇಡ’ ಎನ್ನಲು ನಿಮಗೊಂದು ಕಾರಣ ಸಿಕ್ಕಿತು, ಆ ಕಾರಣ ಅವಳಿಗೂ ಕಾಣುತ್ತದೆ. ಉತ್ತರ ಗಟ್ಟಿಯಾಗಿದ್ದರೆ ಅರ್ಜಿಯ ಕಾಲಂ ಅವಳೇ ತುಂಬಲಿ. ಅರ್ಥವಾಗುವುದಿಲ್ಲ ಎಂಬ ದೂರಿಗೆ ದೊಡ್ಡವರು ಕೊಡಬಹುದಾದ ಉತ್ತರ ಇದೊಂದೇ, ಮತ್ತು ಇದಕ್ಕೆ ದಾಖಲಾತಿಯ ಕೊನೆಯ ದಿನಕ್ಕಿಂತ ಮೊದಲು ಒಂದು ಸಂಜೆ ಸಾಕು.